ಹಿಟ್ಟು ಬಿಸಿಯಾದ ಬೆಳಿಗ್ಗೆ

ಇವತ್ತು ಬೆಳಿಗ್ಗೆ ಗ್ರೈಂಡರಿನಿಂದ ಉದ್ದಿನ ಹಿಟ್ಟು ತೆಗೆಯುವಾಗ ಬೆರಳಿಗೆ ಬಿಸಿ ತಾಗಿತು. ನೀವು ದೋಸೆಪ್ರಿಯರಾದರೆ ನನ್ನ ಗಾಬರಿ ಅರ್ಥವಾದೀತು. ಠಾಣೆ ಶಹರದ ನಮ್ಮ ಮನೆಯಲ್ಲಿ ದೋಸೆ ನನ್ನ ಪಾಲಿನ ಕೆಲಸ. ಹಿಟ್ಟು ಬಿಸಿಯಾಗಿ ದೋಸೆ ಕೆಟ್ಟರೆ ಬೈಗುಳವೂ ನನ್ನ ಪಾಲಿನದೇ. ಗ್ರೈಂಡರಿನ ಕಲ್ಲು ಮುಟ್ಟಿ ನೋಡಿದೆ. ನುಣ್ಣಗೆ ಹೊಳೆಯುತ್ತಿತ್ತು. ಡೊಂಬಿವಲಿಯ ಅತ್ತಿಗೆ ನೆನಪಾದರು.

ಅಣ್ಣ ಮದುವೆಯಾದದ್ದು ಕಲ್ಯಾಣದ ಮರಾಠಿ ಹುಡುಗಿಯನ್ನು, ಅಮ್ಮನನ್ನು ಕೇಳದೆ. "ಎಂಐಡಿಸಿಯ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಾಡ್ತಾಳೆ" ಎಂದು ಅವನು ಹೇಳಿದಾಗ ಅಮ್ಮನ ಮುಖ ಇಳಿಯಿತು. ಅಪ್ಪ ಉಡುಪಿ ಕಡೆಯಿಂದ ಬಂದು, ಹೋಟೆಲಿನಲ್ಲಿ ಹಿಟ್ಟು ಅರೆದೇ ಬೆನ್ನು ಬಗ್ಗಿಸಿಕೊಂಡವರು. "ಅಪ್ಪ ಅರೆದದ್ದು ಸಾಕಾಗ್ಲಿಲ್ವಾ ಮಾರಾಯ? ಸೊಸೆಯೂ ಅರೀಬೇಕಾ?" ಎಂದಳು. ಇದು ಉಕ್ಕನ್ನು ಸವೆಸುವ ಗ್ರೈಂಡಿಂಗು ಎಂದು ನಾನು ದೊಡ್ಡ ಭಾಷಣವನ್ನೇ ಮಾಡಿದೆ. ಎಲ್ಲ ಕೇಳಿದ ಅಮ್ಮ, "ಅದನ್ನು ಎಷ್ಟು ಹೊತ್ತು ನೆನೆ ಹಾಕ್ತಾರೆ?" ಎಂದಳು.

ಅತ್ತಿಗೆ ಬಂದ ಮೇಲೆ ಅಮ್ಮ ಅವರೊಡನೆ ಮಾತೇ ಆಡಲಿಲ್ಲ. ಎದುರಿಗೇ ಕೂತವರಿಗೆ ಹೇಳಬೇಕಾದದ್ದನ್ನೂ ನನ್ನ ಕೈಲಿ ಹೇಳಿಸುತ್ತಿದ್ದಳು. ನಾನು ಮನೆಯ ಅಂಚೆಯಣ್ಣನಾದೆ. ಅಣ್ಣ ಬೇರೆ ಮನೆ ಹುಡುಕತೊಡಗಿದ. ಮನೆ ಒಡೆಯುತ್ತದೆಂದು ನನಗೆ ನಿಜಕ್ಕೂ ಭಯವಾಗಿತ್ತು.

ಒಂದು ಭಾನುವಾರ ಅತ್ತಿಗೆ ನಮ್ಮ ಗ್ರೈಂಡರಿನ ಕಲ್ಲಿನ ಮೇಲೆ ಬೆರಳಾಡಿಸಿ, "ಆಯೀ, ದಗಡ್ ಗುಳ್‌ಗುಳೀತ್ ಝಾಲಾ" ಎಂದರು, ಕಲ್ಲು ನುಣ್ಣಗಾಗಿದೆ ಎಂದು. ಅಮ್ಮನಿಗೆ ತಡೆಯಲಾಗಲಿಲ್ಲ. "ಹೌದು! ಅದಕ್ಕೇ ಹಿಟ್ಟು ಬಿಸಿ ಆಗುದು. ನಿನಗೆ ಹೇಗೆ ಗೊತ್ತಾಯ್ತು?"

ಸೊಸೆಯ ಜೊತೆ ಅವಳಾಡಿದ ಮೊದಲ ಮಾತು ಅದು.

ಅತ್ತಿಗೆ ಮರಾಠಿಗೆ ಅರೆಬರೆ ಕನ್ನಡ ಕಲಸಿ ವಿವರಿಸಿದರು. ಅವರ ಮಷೀನಿನ ಚಕ್ರವೂ ಒಂದು ಬಗೆಯ ಕಲ್ಲೇ, ಚೂಪಾದ ಹರಳುಗಳನ್ನು ಒಟ್ಟು ಅಂಟಿಸಿದ್ದು. ಹರಳು ಮೊಂಡಾದರೆ ಚಕ್ರ ಹೊಳೆಯುತ್ತದೆ. ಕತ್ತರಿಸುವುದು ಬಿಟ್ಟು ಬರೀ ಉಜ್ಜುತ್ತದೆ. ಉಕ್ಕು ಬಿಸಿಯಾಗಿ ನೀಲಿಗಟ್ಟುತ್ತದೆ, ಕೂದಲೆಳೆಯಷ್ಟೂ ತಪ್ಪಬಾರದ ಅಳತೆ ತಪ್ಪುತ್ತದೆ. ಆಗ ವಜ್ರದ ಮೊನೆಯಿಂದ ಅದರ ಮುಖ ಕೆರೆಯಬೇಕು. ಇನ್ನೊಂದು ತಮಾಷೆಯೆಂದರೆ, ಗಟ್ಟಿ ಉಕ್ಕಿಗೆ ಮೆತ್ತನೆಯ ಚಕ್ರವೇ ಆಗಬೇಕಂತೆ. ಅದು ಮೊಂಡು ಹರಳನ್ನು ಹಿಡಿದುಕೊಂಡು ಕೂರದೆ ಉದುರಿಸಿಬಿಡುತ್ತದೆ, ಕೆಳಗಿನ ಹೊಸದು ಮೇಲೆ ಬರುತ್ತದೆ.

ಅಮ್ಮ ತಾನೂ ಕಲ್ಲಿನ ಮೇಲೆ ಬೆರಳಾಡಿಸಿದಳು. ಆಮೇಲೆ, "ಹಾಗಾದ್ರೆ ನಾನು ಉಕ್ಕು, ನೀನು ಮೆತ್ತನೆ ಕಲ್ಲಾ?" ಎಂದಳು.

ಅತ್ತಿಗೆ ನಾಲಿಗೆ ಕಚ್ಚಿಕೊಂಡರು. ಅಮ್ಮ ನಗತೊಡಗಿದಳು. ಮರುದಿನದಿಂದ ನನ್ನ ಅಂಚೆ ಕೆಲಸ ಹೋಯಿತು. ಅಣ್ಣ ಮನೆ ಹುಡುಕುವುದನ್ನು ಬಿಟ್ಟ.

ಅಮ್ಮ ಹೋಗಿ ವರ್ಷಗಳಾದವು. ಅದಾದ ಮೇಲೆಯೇ ಅಣ್ಣ ಡೊಂಬಿವಲಿಯಲ್ಲಿ ಮನೆ ಮಾಡಿದ್ದು. ನನ್ನ ಮಗಳು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಇವತ್ತು ಬೆಳಿಗ್ಗೆ ಅತ್ತಿಗೆಗೆ ಫೋನ್ ಮಾಡಿ ಹಿಟ್ಟಿನ ಸುದ್ದಿ ಹೇಳಿದೆ.

"ಎಂತ ಮಾರಾಯ, ಅರೆಯುವ ಮೊದಲು ಕಲ್ಲು ಮುಟ್ಟಿ ನೋಡ್ಲಿಕ್ಕಿಲ್ವಾ? ತಕೊಂಡು ಬಾ, ಉಳಿ ಹೊಡೆದು ಒರಟು ಮಾಡಿ ಕೊಡ್ತೇನೆ. ಊಟ ಮಾಡಿಯೇ ಹೋಗ್ಬೇಕು ಮತ್ತೆ!"

ಅದೇ ಎಳೆತ, ಅದೇ ಗದರಿಕೆ. ಅಮ್ಮನ ಕನ್ನಡ ಪೂರ್ತಿಯಾಗಿ ಉಳಿದಿರುವುದು ಕಲ್ಯಾಣದ ಈ ಮರಾಠಿ ಹೆಂಗಸಿನ ಬಾಯಲ್ಲಿ. ಫೋನ್ ಸರಿಯಾಗಿ ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ, ಇನ್ನೊಮ್ಮೆ ಬೈಸಿಕೊಂಡೆ.