ಪರದೆಯ ಮೂಲೆಯ ಚಂದ್ರ

ರೋಣದಲ್ಲಿ ನನ್ನದೊಂದು ಆನ್‌ಲೈನ್ ಅಂಗಡಿ ಇದೆ. ಹೊಲದ ಪಹಣಿ ಉತಾರ, ಜಾತಿ ಪ್ರಮಾಣಪತ್ರ, ಬೆಳೆ ವಿಮೆಯ ಅರ್ಜಿ, ಇಷ್ಟರಲ್ಲೇ ನನ್ನ ದಿನ ಮುಗಿಯುತ್ತದೆ. ಅಂಗಡಿ ಇರುವುದು ಹಳೆಯ ಕಲ್ಲಿನ ಕಟ್ಟಡದ ಒಳಕೋಣೆಯಲ್ಲಿ. ಅಲ್ಲಿ ಮೊಬೈಲಿಗೆ ರೇಂಜ್ ಸಿಗುವುದಿಲ್ಲ. ಇಂಟರ್ನೆಟ್ ವೈರಿನಲ್ಲಿ ಕಂಪ್ಯೂಟರಿಗೆ ಮಾತ್ರ ಬರುತ್ತದೆ. ಹಾಗಾಗಿ ನನ್ನ ಮೆಸೇಜುಗಳೆಲ್ಲ ಕಂಪ್ಯೂಟರಿನಲ್ಲೇ ಸದ್ದು ಮಾಡುವಂತೆ ಹೊಂದಿಸಿಕೊಂಡಿದ್ದೆ. ಟಿಂಗ್ ಎಂದರೆ ತಿರುಗಿ ನೋಡುತ್ತಿದ್ದೆ, ಇಲ್ಲವಾದರೆ ಇಲ್ಲ.

ಆ ಟಿಂಗ್ ನನಗೆ ಬೇಕಾಗಿದ್ದದ್ದು ಅಕ್ಕನಿಗಾಗಿ. ಅಕ್ಕ ಇರುವುದು ಹೊಳೆಮಣ್ಣೂರಿನಲ್ಲಿ, ಊರಿನಿಂದ ಆಚೆ, ಮಲಪ್ರಭೆಯ ದಂಡೆಗೆ ಹತ್ತಿದ ಹೊಲದ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಅವಳಿಗೆ ಮೂರು ಎಮ್ಮೆಗಳೇ ಸಂಸಾರ. ಮೇಲೆ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆದಂಡೆಯ ಊರುಗಳ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ. ಅಕ್ಕನಿಗೆ ಓದಲು ಬರುವುದಿಲ್ಲ. ನಾನು ಓದಿ, ಹೊರಗಿನ ಕಟ್ಟೆಗೆ ಬಂದು ಫೋನ್ ಮಾಡುತ್ತಿದ್ದೆ. ಅವಳು ಎಮ್ಮೆ ಬಿಚ್ಚಿಕೊಂಡು ದಿನ್ನೆ ಹತ್ತುತ್ತಿದ್ದಳು.

ಊರಲ್ಲಿ ಡಂಗುರ ಸಾರುತ್ತಾರಲ್ಲ ಎಂದು ಒಮ್ಮೆ ಕೇಳಿದ್ದೆ.

"ಡಂಗುರದಂವ ದಿನಾ ಒದರತಾನ" ಎಂದಳು. "ಅಂವನ ಮಾತು ಕೇಳಿದ್ರ ಮಳಿಗಾಲ ಪೂರಾ ಎಮ್ಮಿ ಹೊಡಕೊಂಡು ತಿರಗಬೇಕಾಗತೈತಿ. ನೀ ಫೋನ್ ಮಾಡಿದ್ರ ಏಳತೀನಿ. ನೀ ಸುಮ್ಮನಿದ್ರ ಹೊಳಿನೂ ಸುಮ್ಮನೈತಿ ಅಂತ ತಿಳಕೋತೀನಿ."

ಆ ಮಾತಿಗೆ ನಾನು ಉಬ್ಬಿಹೋದೆ. ಅವತ್ತೇ ಹೆದರಬೇಕಿತ್ತು.

ಆ ವರ್ಷ ಬೇಸಿಗೆಯಲ್ಲಿ ಅಂಗಡಿಗೆ ಎರಡನೆಯ ಪರದೆ ತಂದೆ. ನಮ್ಮ ಕಡೆಯ ಜನ ಅರ್ಜಿಯಲ್ಲಿ ತಮ್ಮ ಹೆಸರನ್ನು ಕಣ್ಣಾರೆ ನೋಡದೆ ಒಪ್ಪುವುದಿಲ್ಲ. ಒಪ್ಪಲೂಬಾರದು. ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿದರೆ ಕಚೇರಿಗೆ ವರ್ಷಗಟ್ಟಲೆ ಅಲೆದಾಟ. ಕೌಂಟರಿನ ಮೇಲೆ ಕುತ್ತಿಗೆ ಚಾಚಿ, ನನ್ನ ಹೆಗಲ ಮೇಲೆ ಉಸಿರು ಬಿಡುತ್ತಾ ಓದುತ್ತಿದ್ದರು. ಸಾಕಾಗಿ, ನರಗುಂದದಲ್ಲಿ ಮುಚ್ಚುತ್ತಿದ್ದ ಅಂಗಡಿಯೊಂದರಿಂದ ಹಳೆಯ ಪರದೆ ತಂದು ಅವರ ಕಡೆಗೆ ತಿರುಗಿಸಿ ಇಟ್ಟೆ. ನನ್ನ ಪರದೆಯಲ್ಲಿ ಇದ್ದದ್ದೇ ಅವರಿಗೂ ಕಾಣುತ್ತಿತ್ತು. ಅವರು ಬೆರಳಿಟ್ಟು ಓದಿ, "ಹೌದ್ರಿ, ಬರೋಬ್ಬರಿ ಐತಿ" ಎಂದ ಮೇಲೆಯೇ ನಾನು ಬಟನ್ ಒತ್ತುತ್ತಿದ್ದೆ. ಆ ಪರದೆ ಹಂಚಿನಂತೆ ಕಾಯುತ್ತಿತ್ತು, ಹಾಗಾಗಿ ಗಿರಾಕಿ ಎದ್ದ ಕೂಡಲೇ ಅದರ ವೈರು ಕಿತ್ತಿಡುತ್ತಿದ್ದೆ.

ಮಳೆ ಶುರುವಾದ ಮೇಲೆ ಒಂದು ದಿನ ಕಂಪ್ಯೂಟರ್ ಬಹಳ ಹೊತ್ತಿನಿಂದ ಸುಮ್ಮನಿದೆ ಎನ್ನಿಸಿತು. ನೋಡಿದರೆ ಪರದೆಯ ಕೆಳಗಿನ ಮೂಲೆಯಲ್ಲಿ ಪುಟ್ಟದೊಂದು ಅರ್ಧಚಂದ್ರ. ಸದ್ದು ಬೇಡ ಎಂಬ ಗುರುತು ಅದು. ನಾನು ಹಾಕಿದ್ದಲ್ಲ. ಒತ್ತಿ ತೆಗೆದೆ. ಗ್ರೂಪು ತೆರೆದರೆ, ನೀರು ಬಿಟ್ಟು ಎರಡು ತಾಸಾಗಿತ್ತು! ಕಟ್ಟೆಗೆ ಓಡಿ ಫೋನ್ ಮಾಡಿದೆ. ಪುಣ್ಯಕ್ಕೆ ಆವತ್ತು ನೀರು ಹೊಲದ ಬದುವಿನ ತನಕ ಬಂದು ನಿಂತಿತು.

ಸಂಜೆ ನೋಡುತ್ತೇನೆ, ಚಂದ್ರ ಮತ್ತೆ ಬಂದು ಕೂತಿದೆ. ತೆಗೆದೆ. ಮರುದಿನ ಮತ್ತೆ ಬಂತು. ಕರೆಂಟು ಹೋಗಿ ಬರುವುದರಿಂದ ಹೀಗಾಗುತ್ತದೆ ಎಂದುಕೊಂಡು ಯುಪಿಎಸ್ ಬ್ಯಾಟರಿ ಬದಲಿಸಿದೆ. ಬಂತು. ಹೆಬ್ಬೆಟ್ಟು ಒತ್ತಿಸುವ ಯಂತ್ರ ಕಿತ್ತು ನೋಡಿದೆ, ಪ್ರಿಂಟರ್ ಕಿತ್ತು ನೋಡಿದೆ. ನಾನು ಒಬ್ಬಳೇ ಕೂತು ಕಾವಲು ಕಾಯುತ್ತಿದ್ದರೆ ಅದರ ಸುಳಿವೇ ಇರುತ್ತಿರಲಿಲ್ಲ. ನಾಲ್ಕು ಜನ ಬಂದು ಕೆಲಸದಲ್ಲಿ ಮುಳುಗಿದೆನೋ, ಯಾವಾಗಲೋ ಬಂದು ಕೂತಿರುತ್ತಿತ್ತು. ನನ್ನ ಕಣ್ಣು ತಪ್ಪುವುದನ್ನೇ ಯಾರೋ ಕಾಯುತ್ತಿದ್ದಾರೆ ಎನ್ನಿಸತೊಡಗಿತು. ಇದನ್ನು ಯಾರ ಮುಂದಾದರೂ ಹೇಳಿದರೆ ನಗುತ್ತಿದ್ದರು. ನನಗೆ ಮಾತ್ರ ಖರೇನೇ ಹೆದರಿಕೆಯಾಗಿತ್ತು.

ಕೊನೆಗೆ ಕಂಪ್ಯೂಟರಿನ ಸಿಪಿಯು ಡಬ್ಬಿಯನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಒಯ್ದೆ. ಅಲ್ಲಿ ರಿಪೇರಿಯವರೊಬ್ಬರಿದ್ದಾರೆ, ಕನ್ನಡಕ ಹಣೆಗೇರಿಸಿಕೊಂಡೇ ಮಾತಾಡುವ ಹಿರಿಯರು. ಎರಡು ದಿನ ಇಟ್ಟುಕೊಂಡು ಒಳಗಿನ ಸಾಫ್ಟ್‌ವೇರನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದರು.

"ಎರಡು ದಿನದಾಗ ಒಮ್ಮೆರೆ ಬಂದಿಲ್ರಿ ಅಕ್ಕಾರ. ಇನ್ನ ನಿಶ್ಚಿಂತಿ ಇರ್ರಿ" ಎಂದರು.

ನಾನು ನಿಶ್ಚಿಂತಳಾದೆ. ಅಕ್ಕನಿಗೂ ಫೋನ್ ಮಾಡಿ, "ಮಷೀನು ಚಲೋ ಆತು. ನೀ ಆರಾಮಿರು" ಎಂದೆ. ಆ ಮಾತನ್ನು ಹೇಳದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಬೆಳೆ ವಿಮೆಗೆ ಕೊನೆಯ ದಿನ ಬಂತು. ನರೇಗಲ್, ಲಕ್ಕಲಕಟ್ಟಿಯಿಂದೆಲ್ಲ ಜನ ಬಂದು ಬೆಳಗಿನಿಂದ ಪಾಳಿ ಹಚ್ಚಿದ್ದರು. ಒಬ್ಬರು ಎದ್ದರೆ ಇನ್ನೊಬ್ಬರು. ಎರಡನೆಯ ಪರದೆಯ ವೈರು ಕೀಳಲು ಪುರಸೊತ್ತೇ ಇಲ್ಲ. ಊಟವನ್ನೂ ಮಾಡಲಿಲ್ಲ. ಮೂಲೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಸರಿಯಾಗಿದೆಯಲ್ಲ, ಯಾಕೆ ನೋಡಲಿ?

ಇಳಿಹೊತ್ತಿಗೆ ಚಹಾ ಕುಡಿಯಲು ಕಟ್ಟೆಗೆ ಬಂದೆ. ರೇಂಜ್ ಸಿಕ್ಕದ್ದೇ ಕೈಯಲ್ಲಿದ್ದ ಮೊಬೈಲ್ ಒದ್ದಾಡತೊಡಗಿತು. ಟಿಂಗ್, ಟಿಂಗ್, ಟಿಂಗ್. ಮೊದಲ ಮೆಸೇಜ್ ಬೆಳಗಿನ ಹತ್ತು ಗಂಟೆಯದು. ಚಹಾದ ಕಪ್ಪು ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ಅಕ್ಕನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು.

ಸಿಕ್ಕ ಗಾಡಿ ಹತ್ತಿ ಹೋದೆ. ಊರಿನ ಜನ ಶಾಲೆಯ ಮುಂದಿನ ದಿನ್ನೆಯ ಮೇಲಿದ್ದರು. ಹೊಲದ ಕಡೆ ಬರೀ ಕೆಂಪು ನೀರು. ಅಷ್ಟೊತ್ತಿಗೆ ಅಕ್ಕನನ್ನು ಮಾಳಿಗೆಯ ಮೇಲಿನಿಂದ ದೋಣಿಯಲ್ಲಿ ಇಳಿಸಿ ತಂದಿದ್ದರು. ಎಮ್ಮೆಗಳನ್ನು ಬಿಚ್ಚಲು ಆಗಿರಲಿಲ್ಲ. ಮೂರೂ ಕಟ್ಟಿದ ಗೂಟದಲ್ಲೇ ಸತ್ತಿದ್ದವು.

ಪಕ್ಕದ ಹೊಲದ ಹೆಂಗಸು ನನ್ನನ್ನು ನೋಡಿ ತಡೆಯಲಾರದೆ ಅಂದಳು: "ಮುಂಜಾನಿನ ಹೋಗಿ ಕರದೇವ್ರಿ. 'ನನ್ನ ತಂಗಿ ಫೋನ್ ಬಂದಿಲ್ಲ, ನೀವು ಹೋಗ್ರಿ' ಅಂದ್ರು."

ಅಕ್ಕ ಬೈಯಲಿಲ್ಲ. ಒದ್ದೆ ಸೆರಗು ಹಿಂಡುತ್ತಾ, "ಅವು ಭಾಳ ಒದರಿದವು" ಎಂದಳು, ಅಷ್ಟೇ. ಬೈದಿದ್ದರೆ ನಾನು ಅತ್ತುಬಿಡುತ್ತಿದ್ದೆ.

ಮರುದಿನ ಅಂಗಡಿಯ ಬಾಗಿಲು ಹಾಕಿಕೊಂಡು ಕೂತೆ. ಚಂದ್ರ ಅಲ್ಲೇ ಇತ್ತು. ಸಿಟ್ಟಿನಲ್ಲಿ ಎರಡನೆಯ ಪರದೆಯ ವೈರು ಕಿತ್ತೆ. ಚಂದ್ರ ಮಾಯವಾಯಿತು. ಸಿಕ್ಕಿಸಿದೆ, ಬಂತು. ಕಿತ್ತೆ, ಹೋಯಿತು. ಆಮೇಲೆ ಸೆಟ್ಟಿಂಗಿನೊಳಗೆ ಹುಡುಕಿದಾಗ ಆ ಸಾಲು ಸಿಕ್ಕಿತು. ಒಂದೇ ದೃಶ್ಯವನ್ನು ಎರಡು ಪರದೆಯಲ್ಲಿ ತೋರಿಸುತ್ತಿರುವಾಗ ತಾನಾಗಿಯೇ ಸದ್ದು ನಿಲ್ಲಿಸು ಎಂದು ಮೊದಲಿನಿಂದಲೂ ಅಲ್ಲಿ ಗುರುತು ಹಾಕಿತ್ತು. ಸಭೆಯಲ್ಲಿ ಭಾಷಣ ಮಾಡುವವರ ಖಾಸಗಿ ಮೆಸೇಜು ಜನರಿಗೆ ಕಾಣಬಾರದು ಎಂದು ಯಾರೋ ಮಾಡಿದ ಏರ್ಪಾಡು. ಗಜೇಂದ್ರಗಡಕ್ಕೆ ನಾನು ಒಯ್ದದ್ದು ಡಬ್ಬಿ ಮಾತ್ರ. ಅಲ್ಲಿ ಇದ್ದದ್ದು ಒಂದೇ ಪರದೆ. ಅವರಿಗಾದರೂ ಹೇಗೆ ಗೊತ್ತಾಗಬೇಕು? ಆ ಗುರುತು ತೆಗೆದೆ. ಅಂದಿನಿಂದ ಚಂದ್ರ ಬಂದಿಲ್ಲ.

ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. "ಹಂಗಾ?" ಎಂದಳು. ಮನೆ ರಿಪೇರಿಯಾಗಿ ಮತ್ತೆ ಅಲ್ಲೇ ಇದ್ದಾಳೆ, ಈಗ ಒಂದೇ ಎಮ್ಮೆ. ಮಳೆಗಾಲದಲ್ಲಿ ನಾನು ಮೆಸೇಜಿಗೆ ಕಾಯದೆ ದಿನವೂ ಫೋನ್ ಮಾಡುತ್ತೇನೆ.

"ಇವತ್ತ ನೀರು ಬಿಟ್ಟಿಲ್ಲಕ್ಕ, ಆರಾಮಿರು" ಎನ್ನುತ್ತೇನೆ.

"ತಡಿ, ಹೊಳಿ ನೋಡಿ ಬರತೀನಿ" ಎಂದು ಅವಳು ಫೋನನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಾಳೆ. ಅವಳು ವಾಪಸು ಬರುವ ತನಕ ನಾನು ಫೋನ್ ಕಿವಿಗೆ ಹಿಡಿದುಕೊಂಡೇ ನಿಂತಿರುತ್ತೇನೆ.