ಸೂಜಿಯಕ್ಕನ ಧೈರ್ಯ

ಆ ಚಿಕ್ಕ ಕ್ಲಿನಿಕ್ಕಿನ ನರ್ಸಿಗೆ ಸೂಜಿಯಕ್ಕ ಎಂದೇ ಹೆಸರು. ಹಸುಗೂಸಿನಿಂದ ಹಿಡಿದು ಹಣ್ಣು ಹಣ್ಣು ಮುದುಕರವರೆಗೆ ಇಪ್ಪತ್ತೆರಡು ವರ್ಷ ಚುಚ್ಚಿದ ಕೈ ತನ್ನದು ಎಂಬ ಜಂಭ ಅವಳಿಗೆ ಬೆಟ್ಟದಷ್ಟಿತ್ತು. ಅದು ಇಳಿಯುವುದಕ್ಕೆ ಒಂದೇ ಒಂದು ಕಾಗದ ಸಾಕಾಯಿತು, ನೋಡಿ.

ಮಾನಸಿಕ ಆಸ್ಪತ್ರೆಯ ಕಾಗದ. ಎದುರು ಬೀದಿಯ ಟೈಲರ್‌ಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನನ್ನು ಇನ್ನು ಮುಂದೆ ನಿಮ್ಮಲ್ಲೇ ಕೊಡಿ ಎಂದಿತ್ತು. ಒಂದು ಸಲ ಕೊಟ್ಟರೆ ತಿಂಗಳಿಡೀ ಮೈಯಲ್ಲಿದ್ದು ಕೆಲಸ ಮಾಡುವ ಔಷಧಿ. ತಪ್ಪಿದರೆ ಕಾಯಿಲೆ ಮರಳುತ್ತದೆ. ಡಾಕ್ಟರು ಅದು ನರ್ಸಿನ ಕೆಲಸ ಎಂದರು. ತಲೆಗೆ ಸಂಬಂಧಪಟ್ಟದ್ದನ್ನು ಡಾಕ್ಟರೇ ಕೊಡಬೇಕು, ತನಗೆ ಅದರ ತರಬೇತಿಯಿಲ್ಲ ಎಂದಳು ಸೂಜಿಯಕ್ಕ. ಸೊಂಟದ ಕೆಳಗೆ ಚುಚ್ಚುವುದಕ್ಕೂ ತಲೆಗೂ ಎಲ್ಲಿಯ ನಂಟೋ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ಚುಚ್ಚುವಾಗ ಅವನು ತಿರುಗಿ ಹೊಡೆದುಬಿಟ್ಟರೆ?

ಇಂಜೆಕ್ಷನ್ನಿನ ದಿನ ಒಮ್ಮೆ, ಎರಡು ದಿನ ಬಿಟ್ಟು ಇನ್ನೊಮ್ಮೆ, ಟೈಲರ್ ಎರಡು ಸಲ ಬಂದ. ಎರಡು ಸಲವೂ ಅವಳು ಡ್ರೆಸ್ಸಿಂಗ್ ಮಾಡುವ ಮೂಲೆಯ ಪರದೆಯ ಹಿಂದೆ ಹೊಕ್ಕು ಹತ್ತಿ ಉಂಡೆ ಎಣಿಸುತ್ತ ನಿಂತಳು. ಅವನು ಬೆಂಚಿನ ಮೇಲೆ ಒಂದು ಗಂಟೆ ಕೂತು ಎದ್ದು ಹೋದ. ಅವಳು ಕೊಟ್ಟಿರುತ್ತಾಳೆಂದುಕೊಂಡು ಡಾಕ್ಟರು ಕೇಳಲೂ ಇಲ್ಲ.

ಇಂಜೆಕ್ಷನ್ನಿನ ದಿನ ದಾಟಿದ ಒಂಬತ್ತನೆಯ ದಿನ ಅವನ ಅಕ್ಕ ಕೈಹಿಡಿದು ಕರೆತಂದಳು. ಮೂರು ದಿನದಿಂದ ನಿದ್ದೆಯಿಲ್ಲ, ಹೊಲಿದ ಬಟ್ಟೆಯನ್ನೆಲ್ಲ ಕೂತು ಬಿಚ್ಚುತ್ತಿದ್ದಾನೆ ಎಂದಳು.

"ಹೋದ ಸಲಾನೂ ಹೀಗೇ ಶುರುವಾಗಿದ್ದು. ಅಂಗಡಿ ಮತ್ತೆ ತೆಗೆಯೋಕೆ ಎರಡು ವರ್ಷ ಬೇಕಾಯ್ತು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಸೂಜಿಯಕ್ಕನಿಗೆ. ಒಳಗೆ ಹೋಗಿ ತಪ್ಪೊಪ್ಪಿಕೊಂಡಳು. ಡಾಕ್ಟರು ಮುಖ ಗಂಟಿಕ್ಕಿ ತಾವೇ ಏಳಹೊರಟರು. ಬೇಡ, ನಾನೇ ಕೊಡುತ್ತೇನೆ, ನೀವು ಪಕ್ಕದಲ್ಲಿ ನಿಂತು ತೋರಿಸಿ ಎಂದಳು.

ಮಂಚದ ಮೇಲೆ ಬೋರಲು ಮಲಗಿದ ಟೈಲರ್ ಕತ್ತು ಹೊರಳಿಸಿ ನೋಡಿದ. ಇಪ್ಪತ್ತೆರಡು ವರ್ಷ ಚುಚ್ಚಿದವಳು ಸೂಜಿಯ ತುದಿಯನ್ನೇ ದಿಟ್ಟಿಸುತ್ತ, ಒಂದೇ ಜಾಗಕ್ಕೆ ಮೂರನೆಯ ಸಲ ಸ್ಪಿರಿಟ್ ಒರೆಸುತ್ತಿದ್ದಳು.

"ಹೊಸದಾಗಿ ಕಲಿಯೋರಿಗೆ ನಾನು ಒಂದೇ ಮಾತು ಹೇಳೋದು ಅಕ್ಕಾ," ಎಂದ. "ಸೂಜಿ ನೋಡಬೇಡಿ, ಬಟ್ಟೆ ನೋಡಿ."

ಅವಳು ನೋಡಿದಳು. ಮುಗಿಯಿತು. ಯಾರೂ ಯಾರನ್ನೂ ಹೊಡೆಯಲಿಲ್ಲ. ಅವನ ಕಾರ್ಡಿನಲ್ಲಿ, ಈ ತಿಂಗಳು ಎಡಕ್ಕೆ, ಮುಂದಿನದು ಬಲಕ್ಕೆ ಎಂದು ಬರೆದು, ಕೊಡುವವರು ಎಂಬಲ್ಲಿ ತನ್ನ ಹೆಸರನ್ನೇ ಬರೆದಳು. ಬರೆಯುವಾಗ ಜಂಭ ಒಂಚೂರು ಮರಳಿ ಬಂದಿತ್ತು, ಸುಳ್ಳೇಕೆ ಹೇಳಬೇಕು.

ಟೈಲರ್ ಅಂಗಿ ಸರಿಮಾಡಿಕೊಂಡು ಬಾಗಿಲ ತನಕ ಹೋದವನು ನಿಂತ.

"ಮುಂದಿನ ತಿಂಗಳು ಹೊರಗೇ ಇರಿ ಅಕ್ಕಾ," ಎಂದ ಮೆಲ್ಲಗೆ. "ಆ ಪರದೆ ಗಿಡ್ಡ. ಎರಡು ಸಲವೂ ನಿಮ್ಮ ಚಪ್ಪಲಿ ಕಾಣಿಸ್ತಿತ್ತು."