ಅವರಗೆರೆಯ ಕೀಟ ಹಿಡಿಯುವ ಗಿಡ

ಆಗ ಅವರಗೆರೆ ಇನ್ನೂ ಹಳ್ಳಿಯಾಗಿಯೇ ಇತ್ತು. ದಾವಣಗೆರೆಗೆ ಹೋಗುವುದನ್ನು ನಾವು ‘ಪ್ಯಾಟಿಗೆ ಹೋಗೋದು’ ಎನ್ನುತ್ತಿದ್ದೆವು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ನಮ್ಮ ಪಡಸಾಲೆಯ ತುಂಬ ಹಳೇ ಪೇಪರು ಹರಡಿಕೊಂಡವು. ಅಪ್ಪನ ತಂಗಿ ಸುಮತ್ತೆ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಗಿಡಗಳನ್ನು ಬೇರುಸಹಿತ ಕಿತ್ತು ತಂದು, ಪೇಪರಿನ ಮಡಿಕೆಯಲ್ಲಿ ಹರವಿ, ಹಲಗೆಯಿಟ್ಟು, ಮೇಲೆ ಗುಂಡುಕಲ್ಲು ಹೇರುತ್ತಿದ್ದಳು. ಸಂಜೆ ಮಂಡಕ್ಕಿ ತಿನ್ನುತ್ತಾ ಒದ್ದೆ ಪೇಪರು ತೆಗೆದು ಒಣಗಿದ್ದು ಹಾಕುವುದು ನನ್ನ ಕೆಲಸ. ಮನೆಯೆಲ್ಲ ಒಣಹುಲ್ಲು, ಮುಗ್ಗಲು ಸೇರಿದ ವಾಸನೆ.

ಕೆರೆಯಂಚಿನ ಜೌಗು ಇಳಿಜಾರಿನಲ್ಲಿ ಅತ್ತೆಗೆ ಒಂದು ಪುಟ್ಟ ಗಿಡ ಸಿಕ್ಕಿತು. ಎಲೆಯ ಕೂದಲ ತುದಿಗೆಲ್ಲ ಅಂಟಿನ ಹನಿ. ಕೂತ ಸೊಳ್ಳೆ ಮತ್ತೆ ಏಳುತ್ತಿರಲಿಲ್ಲ.

“ಇಷ್ಟು ಚಂದ ಐತೆ, ಯಾಕ ಕೀಳ್ತೀ ಅತ್ತೆ?”

“ಬರೇ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ಹೂವು, ಕಾಯಿ, ಬೇರು ಎದುರಿಗೆ ಇರಬೇಕು. ಆಗ ಇದು ಇಂಥದ್ದೇ ಅಂತ ಹೇಳಾಕ ಬರ್ತೈತೆ.”

ಜಡಿಮಳೆ ಹಿಡಿಯಿತು. ಪೇಪರು ಒಣಗದ್ದರಿಂದ ಅತ್ತೆ ಗಿಡಗಳಿದ್ದ ಪೇಪರಿನ ಒಂದು ಕಟ್ಟನ್ನು ಬಚ್ಚಲೊಲೆಯ ಪಕ್ಕದಲ್ಲಿಟ್ಟು, ಹರಿಹರಕ್ಕೆ ಹೊಳೆದಂಡೆಯ ಗಿಡ ತರಲು ಹೋದಳು. ಕಟ್ಟಿಗೆ ಹಸಿಯಾಗಿತ್ತು. ನೀರು ಕಾಯಿಸಲು ಕೂತ ಅಜ್ಜಿ ರದ್ದಿಯೆಂದುಕೊಂಡು ಆ ಕಟ್ಟನ್ನೇ ಒಲೆಗಿಟ್ಟಳು. ನಾನು ಕೂಗಿದಾಗ ಬರಿಗೈಯಲ್ಲೇ ಎಳೆದಳು. ಅರ್ಧ ಉಳಿಯಿತು. ಕೆರೆಯಂಚಿನ ಗಿಡ ಉಳಿಯಲಿಲ್ಲ.

ಅತ್ತೆ ಬಂದು ಒಂದೊಂದೇ ಹಾಳೆ ಬಿಡಿಸಿ ನೋಡಿದಳು. ಬೈಯಲಿಲ್ಲ, ಅಜ್ಜಿಯ ಬೊಬ್ಬೆಯೆದ್ದ ಅಂಗೈಗೆ ಬೆಣ್ಣೆ ಸವರಿ, ಊಟ ಮಾಡದೆ ಮಲಗಿದಳು.

ಮರುದಿನ ಅಜ್ಜಿಯೇ ಸೆರಗು ಸಿಕ್ಕಿಸಿ ನಿಂತಳು. “ನಡಿಯೇ ಸುಮಾ, ಅದು ಎಲ್ಲೈತೆ ತೋರ್ಸು.”

ಇಳಿಜಾರನ್ನು ಎಮ್ಮೆಗಳು ತುಳಿದು ಕೆಸರು ಮಾಡಿದ್ದವು. ಮೂವರೂ ಬಗ್ಗಿ ಹುಡುಕಿದೆವು. ಬಿಸಿಲೇರಿದ ಮೇಲೆ ಬಂಡೆಯ ಮರೆಯಲ್ಲಿ ನಾಲ್ಕಾರು ಕಂಡವು. ಅತ್ತೆ ಕೈ ಚಾಚಿದಳು.

“ಇಷ್ಟೇ ಇರಾದು. ಕಿತ್ತರೆ ಹೋತಲ್ಲೇ?” ಎಂದಳು ಅಜ್ಜಿ.

ಅತ್ತೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೂ ಬಗ್ಗಿ ನೋಡಿದಳು. ಕೊನೆಗೆ ಕಾಯಿ ಬಲಿತಿದ್ದ ಒಂದನ್ನು ಮಾತ್ರ ತೆಗೆದುಕೊಂಡು, ಅದರ ಬೀಜವನ್ನು ಅಲ್ಲೇ ಉದುರಿಸಿದಳು. ಆ ಗಿಡ ಹಾಳೆಗೆ ಅಂಟಿ ಕಾಲೇಜಿನ ಬೀರು ಸೇರಿತು.

ಅಜ್ಜಿ ತೀರಿಕೊಂಡು ವರ್ಷಗಳಾದವು. ಅತ್ತೆಗೆ ಈಗ ಮಂಡಿನೋವು, ಹೊರಗೆ ಬರುವುದು ಕಡಿಮೆ. ಹೋದ ವರ್ಷ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಆ ಹಾಳೆಯ ಫೋಟೊ ಹಿಡಿದು ಅತ್ತೆಯನ್ನು ಹುಡುಕಿಕೊಂಡು ಬಂದಳು. ಜಾಗ ತೋರಿಸಲು ನಾನು ಹೋದೆ. ಇಳಿಜಾರು ಮಟ್ಟವಾಗಿ, ಸಾಲು ಮನೆಗಳಾಗಿವೆ. ಬಂಡೆಯೂ ಇಲ್ಲ.

“ಈ ಸುತ್ತಿನಾಗೆ ಎಲ್ಲೂ ಸಿಗಲಿಲ್ಲ ಮೇಡಂ. ಇಲ್ಲಿ ಇತ್ತು ಅನ್ನಾಕ ಈ ಹಾಳೆ ಒಂದೇ ಐತ್ರಿ,” ಎಂದಳು. ಆಮೇಲೆ ಕೇಳಿದಳು, “ಹೂವಿನ ಬಣ್ಣ ಹಾಳೆಗೆ ಹಚ್ಚಿದ ಚೀಟಿಯಾಗೆ ಬರೆದಾರೆ. ಎಲೆ ಕೂದಲು ಯಾವ ಬಣ್ಣ ಇತ್ರಿ?”

ಒಣಗಿದ ಗಿಡದಲ್ಲಿ ಎಲ್ಲವೂ ಕಂದು. ಕೆಂಪು ಎಂದೆ, ಬೆಳಗಿನ ಬಿಸಿಲಿಗೆ ಕೆಂಡದಂಥ ಕೆಂಪು. ಅವಳು ಬರೆದುಕೊಂಡಳು. ಅದನ್ನು ಕಂಡವರಲ್ಲಿ ಈಗ ಉಳಿದಿರುವವರು ಅತ್ತೆ ಮತ್ತು ನಾನು.